ಬದುವಿನ ಬೇವಿಗೆ ಲೆಕ್ಕ ಎಲ್ಲಿ?

ವಿಜಯಪುರ ಜಿಲ್ಲೆಯ ಹಸಿರಿನ ಮಾತು ಬಂದಾಗಲೆಲ್ಲ ಎರಡು ಅಂಕಿಗಳು ಮುಂದೆ ಬಂದು ನಿಲ್ಲುತ್ತವೆ. ಮೊದಲನೆಯದು ಶೇ. 0.17. ಜಿಲ್ಲೆಯ ಒಟ್ಟು ಭೂಮಿಯಲ್ಲಿ ಕಾಡಿನ ಪಾಲು ಇಷ್ಟೇ ಎಂದು, ಸಸಿ ನೆಡುವ ಕೋಟಿ ವೃಕ್ಷ ಅಭಿಯಾನ ಶುರುವಾದಾಗಿನಿಂದ ವೇದಿಕೆಗಳಲ್ಲೂ ಪತ್ರಿಕೆಗಳಲ್ಲೂ ಕೇಳುತ್ತ ಬಂದಿದ್ದೇವೆ. ಎರಡನೆಯದು ಆ ಅಭಿಯಾನದ ಹೆಸರಿನಲ್ಲೇ ಇರುವ ಕೋಟಿ. ಮೊದಲಿನದು ನಾಚಿಕೆ ಹುಟ್ಟಿಸುತ್ತದೆ, ಎರಡನೆಯದು ಹುರುಪು ತರುತ್ತದೆ. ಆದರೆ ಚಡಚಣ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಒಂದು ಹೆಕ್ಟೇರ್ ಹೊಲದಲ್ಲಿ ಸರಾಸರಿ ಎಷ್ಟು ಮರ ನಿಂತಿವೆ, ಯಾವ ಜಾತಿಯವು, ಎಷ್ಟು ದಪ್ಪದವು, ಐದು ವರ್ಷದ ಹಿಂದೆ ಎಷ್ಟಿದ್ದವು ಎಂದು ಯಾರಾದರೂ ಕೇಳಿದರೆ ಈ ಎರಡೂ ಅಂಕಿಗಳು ಬಾಯಿ ಬಿಡುವುದಿಲ್ಲ. ಬಯಲುಸೀಮೆಯಲ್ಲಿ ಮರಗಳು ಏಳುತ್ತಿವೆಯೋ ಬೀಳುತ್ತಿವೆಯೋ ತಿಳಿಯಬೇಕಾದರೆ ಕಾಡಿನ ಶೇಕಡಾವಾರನ್ನೂ ನೆಟ್ಟ ಸಸಿಗಳ ಮೊತ್ತವನ್ನೂ ನೆಚ್ಚಿಕೊಂಡು ಕೂತರೆ ಆಗದು. ಹೊಲ, ಬದು, ಹಳ್ಳ, ಗಾಯರಾಣ (ಗೋಮಾಳ)ಗಳಲ್ಲಿರುವ ಮರಗಳ ದಟ್ಟಣೆಯನ್ನು ನೆಲದ ಮೇಲೆ ನಿಂತು, ಗೊತ್ತುಮಾಡಿಕೊಂಡ ಅದೇ ಜಾಗಗಳಲ್ಲಿ, ಐದು ವರ್ಷಕ್ಕೊಮ್ಮೆ ಅಳೆಯಬೇಕು ಎಂಬುದು ನನ್ನ ವಾದ. ಈ ಕೆಲಸವನ್ನು ಚಡಚಣದಂಥ ಸಣ್ಣ ಗಡಿ ತಾಲೂಕಿನಿಂದಲೇ ಆರಂಭಿಸಬಹುದು.

ಮೊದಲು ಕಾಡಿನ ಶೇಕಡಾವಾರು ಹೇಗೆ ಹುಟ್ಟುತ್ತದೆ ನೋಡೋಣ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 1987ರಿಂದ ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ ದೇಶದ ಅರಣ್ಯ ಸ್ಥಿತಿ ವರದಿ ಹೊರತರುತ್ತದೆ. ಅದರ ಲೆಕ್ಕದಲ್ಲಿ ಅರಣ್ಯ ಹೊದಿಕೆ ಎಂದರೆ ಒಂದು ಹೆಕ್ಟೇರಿಗಿಂತ ಕಡಿಮೆಯಿಲ್ಲದ, ಮೇಲಿನಿಂದ ನೋಡಿದಾಗ ಶೇ. 10ಕ್ಕಿಂತ ಹೆಚ್ಚು ಭಾಗವನ್ನು ಮರದ ನೆತ್ತಿ ಮುಚ್ಚಿರುವ ಜಾಗ. ಆ ಜಾಗ ಸರ್ಕಾರದ್ದೋ ರೈತನದ್ದೋ, ಅಲ್ಲಿರುವುದು ಕಾಡುಮರವೋ ಹಣ್ಣಿನ ತೋಟವೋ ಎಂಬುದು ಅದಕ್ಕೆ ಮುಖ್ಯವಲ್ಲ. ಶೇ. 70ರ ಮೇಲಿದ್ದರೆ ಅತಿ ದಟ್ಟ ಕಾಡು, 40ರಿಂದ 70 ಮಧ್ಯಮ, 10ರಿಂದ 40 ವಿರಳ, ಹತ್ತಕ್ಕಿಂತ ಕೆಳಗಿದ್ದರೆ ಅದು ಕಾಡೇ ಅಲ್ಲ. ಮಲೆನಾಡಿಗೆ ಈ ವ್ಯಾಖ್ಯೆ ಚೆನ್ನಾಗಿ ಹೊಂದುತ್ತದೆ. ಅದನ್ನು ನಮ್ಮ ಸೀಮೆಯ ಝಳಕಿಯ ಹೊಲಕ್ಕೆ ಹಚ್ಚಿ ನೋಡಿ. ಹತ್ತು ಮೀಟರ್ ಅಗಲಕ್ಕೆ ಹರಡಿದ ಒಂದು ತುಂಬು ಬೇವಿನ ನೆತ್ತಿ ಸುಮಾರು 78 ಚದರ ಮೀಟರ್ ನೆಲ ಮುಚ್ಚುತ್ತದೆ. ಒಂದು ಹೆಕ್ಟೇರ್ ಎಂದರೆ 10,000 ಚದರ ಮೀಟರ್. ಅಂಥ ಹನ್ನೆರಡು ಬೇವುಗಳು ಬದುವಿನ ಸುತ್ತ ನಿಂತಿದ್ದರೂ ಹೊದಿಕೆ ಶೇ. 9.4ಕ್ಕೆ ನಿಲ್ಲುತ್ತದೆ, ಹೊಲ ವರದಿಯಲ್ಲಿ ಸೊನ್ನೆಯಾಗುತ್ತದೆ. ಹನ್ನೆರಡು ದೊಡ್ಡ ಬೇವಿರುವ ಹೊಲ ಈ ಸೀಮೆಯಲ್ಲಿ ಭಾಗ್ಯವಂತ ಹೊಲ. ಪಕ್ಕದಲ್ಲೇ ಒಂದು ಹೆಕ್ಟೇರ್ ಲಿಂಬೆ ತೋಟವಿದೆ ಎಂದುಕೊಳ್ಳಿ. ಆರಾರು ಮೀಟರ್ ಅಂತರದಲ್ಲಿ 277 ಗಿಡ, ಒಂದೊಂದರ ನೆತ್ತಿ ನಾಲ್ಕು ಮೀಟರ್ ಅಗಲ, ಹೊದಿಕೆ ಶೇ. 35ರ ಹತ್ತಿರ. ವ್ಯಾಖ್ಯೆಯ ಪ್ರಕಾರ ಅದು ವಿರಳ ಕಾಡು! ಇಂಡಿ ಲಿಂಬೆಯ ಬಗ್ಗೆ ಯಾರಿಗೂ ತಕರಾರಿಲ್ಲ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹೆಮ್ಮೆಯ ಬೆಳೆ ಅದು. ಆದರೆ ದರ ಕುಸಿದು ಅಥವಾ ಬೋರು ಬತ್ತಿ ರೈತ ತೋಟ ಕಿತ್ತ ವರ್ಷ ಜಿಲ್ಲೆಯ ಕಾಡು ಕುಗ್ಗಿತೆಂದೂ, ಹೊಸ ತೋಟ ಎದ್ದ ವರ್ಷ ಕಾಡು ಬೆಳೆಯಿತೆಂದೂ ಸುದ್ದಿ ಬರಬಹುದಾದ ಅಳತೆಗೋಲು ಇದು. ಅದೇ ಅವಧಿಯಲ್ಲಿ ಸಾವಿರ ಬೇವು ಉರುಳಿದರೂ ಆ ಕೋಲು ಅಲುಗುವುದಿಲ್ಲ.

ಇನ್ನು ಕೋಟಿಯ ಲೆಕ್ಕ. ಜಿಲ್ಲೆಯ ವಿಸ್ತೀರ್ಣ ಸುಮಾರು 10,500 ಚದರ ಕಿಲೋಮೀಟರ್, ಅಂದರೆ ಹತ್ತೂವರೆ ಲಕ್ಷ ಹೆಕ್ಟೇರ್. ಒಂದು ಕೋಟಿ ಸಸಿಗಳನ್ನು ಇಡೀ ಜಿಲ್ಲೆಗೆ ಸಮನಾಗಿ ಹಂಚಿದರೆ ಹೆಕ್ಟೇರಿಗೆ ಒಂಬತ್ತೂವರೆ ಬರುತ್ತದೆ. ಒಂದೂ ಸಾಯದೆ, ಎಲ್ಲವೂ ಹತ್ತು ಮೀಟರ್ ನೆತ್ತಿಯ ಹೆಮ್ಮರಗಳಾದವು ಎಂದೇ ಇಟ್ಟುಕೊಳ್ಳೋಣ. ಆಗಲೂ ಹೊದಿಕೆ ಏಳೂವರೆ ಶೇಕಡಾ. ಹತ್ತರ ಗೆರೆ ಮುಟ್ಟಲಿಲ್ಲ; ಅರಣ್ಯ ಹೊದಿಕೆಯ ಪಟ್ಟಿಗೆ ಒಂದು ಗುಂಟೆಯೂ ಸೇರಲಿಲ್ಲ. ಅವೇ ಕೋಟಿ ಸಸಿಗಳನ್ನು ಮೂರು ಮೀಟರಿಗೊಂದರಂತೆ ನೆಡುತೋಪಾಗಿ ಒತ್ತೊತ್ತಾಗಿ ಹಚ್ಚಿದರೆ ಹೆಕ್ಟೇರಿಗೆ 1,111 ಹಿಡಿಸುತ್ತವೆ, ಒಟ್ಟು 9,000 ಹೆಕ್ಟೇರ್ ಬೇಕಾಗುತ್ತದೆ, ಜಿಲ್ಲೆಯ ಕಾಡಿನ ಪಾಲು ಶೇ. 0.86ರಷ್ಟು ಏರುತ್ತದೆ. ಬದುವಿನಲ್ಲಿ ಚದುರಿ ನಿಂತರೆ ರೈತನಿಗೂ ಮಣ್ಣಿಗೂ ಹಕ್ಕಿಗೂ ಹೆಚ್ಚು ಉಪಯೋಗ, ಆದರೆ ಅಂಕಿ ಏರುವುದಿಲ್ಲ. ತೋಪಿನಲ್ಲಿ ಕಿಕ್ಕಿರಿದರೆ ಮಾತ್ರ ಅಂಕಿ ಏರುತ್ತದೆ. ಅಂದಮೇಲೆ ಶೇಕಡಾವಾರನ್ನು ಏರಿಸುವುದೇ ಗುರಿಯಾದರೆ ಇಲಾಖೆ ಬದುವನ್ನು ಬಿಟ್ಟು ತೋಪನ್ನೇ ಹಿಡಿಯುತ್ತದೆ. ಅಳತೆಗೋಲು ನೀತಿಯನ್ನು ತನ್ನ ಕಡೆಗೆ ಬಗ್ಗಿಸಿಕೊಳ್ಳುವುದು ಹೀಗೆ. ಅಭಿಯಾನವನ್ನು ಹೀಗಳೆಯಲು ಈ ಮಾತು ಹೇಳುತ್ತಿಲ್ಲ. ನೆಟ್ಟವರು ನೆಟ್ಟಿದ್ದಾರೆ, ನೀರುಣಿಸಿದವರು ಉಣಿಸಿದ್ದಾರೆ. ಅವರ ದುಡಿಮೆಯ ಫಲ ಎಷ್ಟೆಂದು ತೋರಿಸುವ ಶಕ್ತಿ ಈ ಎರಡು ಅಂಕಿಗಳಿಗಿಲ್ಲ ಎಂಬುದಷ್ಟೇ ನನ್ನ ಆಕ್ಷೇಪ.

ಹಾಗಾದರೆ ಮರದಟ್ಟಣೆಯನ್ನು ಅಳೆಯುವುದು ಹೇಗೆ? ಅರಣ್ಯಶಾಸ್ತ್ರಕ್ಕೆ ಇದು ಹಳೆಯ ಪ್ರಶ್ನೆ, ಅದಕ್ಕೆ ಮೂರು ಬಗೆಯ ಉತ್ತರವೂ ಇದೆ. ನೆತ್ತಿಯ ಹೊದಿಕೆ ಒಂದು, ಅದನ್ನು ಮೇಲೆ ನೋಡಿದೆವು. ಹೆಕ್ಟೇರಿಗೆ ಎಷ್ಟು ಕಾಂಡ ಎಂಬ ತಲೆಯೆಣಿಕೆ ಇನ್ನೊಂದು. ಮೂರನೆಯದು ಕಾಂಡಗಳ ಕೊಯ್ತದ ವಿಸ್ತೀರ್ಣ: ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ನಿಂತ ಮನುಷ್ಯನ ಎದೆಮಟ್ಟದಲ್ಲಿ, ಎಲ್ಲ ಮರಗಳನ್ನೂ ಗರಗಸದಿಂದ ಕೊಯ್ದರೆ ಕಾಣುವ ದುಂಡು ಮುಖಗಳ ಒಟ್ಟು ಅಳತೆ. ನಿಜಕ್ಕೂ ಕೊಯ್ಯಬೇಕಿಲ್ಲ, ಟೇಪು ಸುತ್ತಿ ಸುತ್ತಳತೆ ಹಿಡಿದರೆ ಸಾಕು. ಸುತ್ತಳತೆಯ ವರ್ಗವನ್ನು 12.57ರಿಂದ ಭಾಗಿಸಿದರೆ ಆ ಮುಖದ ವಿಸ್ತೀರ್ಣ ಬರುತ್ತದೆ. ತಲೆಯೆಣಿಕೆಯೊಂದನ್ನೇ ನಂಬಿದರೆ ಆಗುವ ಎಡವಟ್ಟನ್ನು ಈ ಮೂರನೆಯ ಅಳತೆ ಬಯಲು ಮಾಡುತ್ತದೆ. ಒಂದು ಮೀಟರ್ ವ್ಯಾಸದ ಹಳೆಯ ಆಲದ ಕೊಯ್ತ 0.785 ಚದರ ಮೀಟರ್. ಹತ್ತು ಸೆಂಟಿಮೀಟರ್ ವ್ಯಾಸದ ಎಳೆಮರದ್ದು 0.00785. ಒಂದು ಆಲಕ್ಕೆ ಸಮನಾಗಲು ಅಂಥ ನೂರು ಎಳೆಮರ ಬೇಕು. ರಸ್ತೆ ಅಗಲ ಮಾಡುವಾಗ ಕಡಿದ ಒಂದು ಮರಕ್ಕೆ ಹತ್ತು ಸಸಿ ನೆಡುತ್ತೇವೆ ಎಂಬ ಮಾತು ಕೇಳಲು ಉದಾರವಾಗಿದೆ. ಹತ್ತಕ್ಕೆ ಹತ್ತೂ ಬದುಕಿ ಹತ್ತು ಸೆಂಟಿಮೀಟರ್ ದಪ್ಪವಾದ ದಿನವೂ ಕಳೆದುಕೊಂಡದ್ದರ ಹತ್ತನೇ ಒಂದು ಪಾಲು ಮಾತ್ರ ಮರಳಿರುತ್ತದೆ. ನೆಟ್ಟ ದಿನದ ಬೆರಳುಗಾತ್ರದ ಸಸಿಯ ಲೆಕ್ಕ ಹಾಕುವುದೇ ಬೇಡ.

ಕೊಯ್ತದ ಅಳತೆಗೆ ನಮ್ಮ ಸೀಮೆಯಲ್ಲಿ ಇನ್ನೊಂದು ವಿಶೇಷ ಬೆಲೆಯಿದೆ. ಬರಗಾಲದ ವರ್ಷ ಕುರಿ-ಆಡುಗಳಿಗಾಗಿ ಬೇವು, ಜಾಲಿ, ಬನ್ನಿಯ ಟೊಂಗೆ ಸವರುವುದು ಇಲ್ಲಿ ರೂಢಿ. ಸವರಿದ ಮರ ಉಪಗ್ರಹದ ಕಣ್ಣಿಗೆ ಅರ್ಧ ಮಾಯವಾಗುತ್ತದೆ, ಎರಡು ಮಳೆ ಬಿದ್ದ ಮೇಲೆ ಮತ್ತೆ ಮೈದುಂಬುತ್ತದೆ. ನೆತ್ತಿ ಹೀಗೆ ಏರಿಳಿದರೂ ಕಾಂಡ ಕುಗ್ಗುವುದಿಲ್ಲ. ಹಾಗಾಗಿ ಬರ ಬಂದದ್ದಕ್ಕೂ ಮರ ಹೋದದ್ದಕ್ಕೂ ಇರುವ ಭೇದ ಟೇಪಿಗೆ ತಿಳಿಯುತ್ತದೆ. ಸಲಕರಣೆಯ ಖರ್ಚೂ ಅಷ್ಟಕ್ಕಷ್ಟೆ. ಆಸ್ಟ್ರಿಯಾದ ಅರಣ್ಯಾಧಿಕಾರಿ ವಾಲ್ಟರ್ ಬಿಟರ್ಲಿಖ್ 1940ರ ದಶಕದಲ್ಲಿ ಕಂಡುಹಿಡಿದ ಒಂದು ಉಪಾಯಕ್ಕಂತೂ ಟೇಪೂ ಬೇಡ. ಒಂದು ಮೀಟರ್ ಉದ್ದದ ಕೋಲಿನ ತುದಿಗೆ ಎರಡು ಸೆಂಟಿಮೀಟರ್ ಅಗಲದ ಪಟ್ಟಿ ಕಟ್ಟಿ, ಇನ್ನೊಂದು ತುದಿಯನ್ನು ಕಣ್ಣಿಗೆ ಹಿಡಿದು, ನಿಂತಲ್ಲೇ ಒಂದು ಸುತ್ತು ತಿರುಗಬೇಕು. ಪಟ್ಟಿಗಿಂತ ಅಗಲವಾಗಿ ಕಾಣುವ ಪ್ರತಿ ಕಾಂಡಕ್ಕೂ ಹೆಕ್ಟೇರಿಗೆ ಒಂದು ಚದರ ಮೀಟರ್ ಕೊಯ್ತ ಎಂದು ಲೆಕ್ಕ. ಹೈಸ್ಕೂಲಿನ ತ್ರಿಕೋನ ಬಲ್ಲ ಹುಡುಗಿಗೆ ಇದರ ಸಾಧನೆಯೂ ಗೊತ್ತಾಗುತ್ತದೆ.

ಆದರೆ ಮಲೆನಾಡಿನ ಕೋಲನ್ನು ಎತ್ತಿಕೊಂಡು ಬಂದು ಚಡಚಣದಲ್ಲಿ ತಿರುಗಿಸಿದರೆ ನಡೆಯುವುದಿಲ್ಲ, ಎಚ್ಚರ ಬೇಕಾದದ್ದು ಇಲ್ಲಿಯೇ. ದಟ್ಟ ಕಾಡಿನಲ್ಲಿ ಹೆಕ್ಟೇರಿಗೆ ಐನೂರು-ಆರುನೂರು ಮರ ಇರುತ್ತವೆ, ಗುರುತಿಸಿದ ಒಂದೇ ಜಾಗ ಅಳೆದರೂ ಚಿತ್ರ ಸಿಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು 1988ರಲ್ಲಿ ಮುದುಮಲೆಯಲ್ಲಿ 50 ಹೆಕ್ಟೇರ್ ಗುರುತಿಸಿ, ಒಂದು ಸೆಂಟಿಮೀಟರಿಗಿಂತ ದಪ್ಪಗಿದ್ದ ಪ್ರತಿ ಕಾಂಡಕ್ಕೂ ನಂಬರಿನ ಬಿಲ್ಲೆ ಕಟ್ಟಿ, ಅವುಗಳ ಹುಟ್ಟು-ಸಾವನ್ನು ದಶಕಗಳಿಂದ ಹಿಂಬಾಲಿಸುತ್ತಿದ್ದಾರೆ. ಬಯಲಿನ ಕಷ್ಟ ಬೇರೆ. ಅರಣ್ಯ ಸಮೀಕ್ಷೆಗಳಲ್ಲಿ ಸಾಮಾನ್ಯವಾದ ಹತ್ತನೇ ಒಂದು ಹೆಕ್ಟೇರಿನ ವೃತ್ತವನ್ನು, ಅಂದರೆ ಸುಮಾರು 18 ಮೀಟರ್ ತ್ರಿಜ್ಯದ ಜಾಗವನ್ನು, ಹೆಕ್ಟೇರಿಗೆ ಎರಡೇ ಮರವಿರುವ ಎರಿ ಹೊಲದಲ್ಲಿ ಎಲ್ಲೆಂದರಲ್ಲಿ ಎಳೆದರೆ ಐದರಲ್ಲಿ ನಾಲ್ಕು ವೃತ್ತ ಖಾಲಿ ಬೀಳುತ್ತವೆ. ಉಳಿದ ಒಂದರಲ್ಲಿ ಸಿಕ್ಕ ಒಂದೋ ಎರಡೋ ಮರದ ಮೇಲೆ ಇಡೀ ತಾಲೂಕಿನ ಲೆಕ್ಕ ನಿಲ್ಲಬೇಕಾಗುತ್ತದೆ. ಮೇಲಾಗಿ ಇಲ್ಲಿಯ ಮರಗಳು ಹೊಲದ ತುಂಬ ಚೆಲ್ಲಿಕೊಂಡಿಲ್ಲ. ಬದು, ಒಡ್ಡು, ಹಳ್ಳದ ದಂಡೆ, ಬಾವಿಯ ಕಟ್ಟೆ, ಗುಡಿಯ ಅಂಗಳಗಳಲ್ಲಿ ಗುಂಪುಗೂಡಿವೆ. ರಸ್ತೆಬದಿಯಲ್ಲಿ ಜೀಪು ನಿಲ್ಲಿಸಿ ಎಣಿಸಿದರೆ ದಟ್ಟಣೆ ಉಬ್ಬುತ್ತದೆ, ಹೊಲದ ನಟ್ಟನಡುವೆ ಎಣಿಸಿದರೆ ಸೊರಗುತ್ತದೆ. ಆದ್ದರಿಂದ ಇಲ್ಲಿ ಅಳತೆಯ ಘಟಕ ವೃತ್ತವಾಗಬಾರದು, ಸರ್ವೆ ನಂಬರ್ ಆಗಬೇಕು. ಚೀಟಿ ಎತ್ತಿ ಆರಿಸಿದ ಸರ್ವೆ ನಂಬರಿನ ನಾಲ್ಕೂ ಬದು ನಡೆದು, ಒಳಗಿರುವ ಪ್ರತಿ ಮರವನ್ನೂ ಹಿಡಿಯಬೇಕು. ಎರಿ, ಮಸಾರಿ, ಮಡ್ಡಿ, ಭೀಮಾ ದಂಡೆ ಎಂದು ಭೂಮಿಯನ್ನು ಮೊದಲೇ ವಿಂಗಡಿಸಿ ಒಂದೊಂದರಿಂದಲೂ ಚೀಟಿ ಎತ್ತಬೇಕು. ಧೂಳಖೇಡದ ಹೊಳೆಸಾಲಿನ ಸರಾಸರಿಯನ್ನೂ ಇಂಚಗೇರಿಯ ಮಡ್ಡಿಯ ಸರಾಸರಿಯನ್ನೂ ಕಲಸಿಬಿಟ್ಟರೆ ಎರಡೂ ಊರಿಗೆ ಸಲ್ಲದ ಅಂಕಿ ಸಿಗುತ್ತದೆ.

ಇಷ್ಟೆಲ್ಲ ತಲೆನೋವು ಏಕೆ, ಬಯಲಿನಲ್ಲಿ ಎಣಿಸುವಂಥ ಮರವಾದರೂ ಎಷ್ಟಿದ್ದೀತು ಎಂಬ ಅನುಮಾನ ಸಹಜ. ಅದಕ್ಕೆ ಉತ್ತರ ಪಶ್ಚಿಮ ಆಫ್ರಿಕಾದಿಂದ ಬಂದಿದೆ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಮಾರ್ಟಿನ್ ಬ್ರಾಂಟ್ ಮತ್ತು ಸಂಗಡಿಗರು 2020ರಲ್ಲಿ, ಸಹಾರಾ ಮತ್ತು ಅದರ ಅಂಚಿನ ಸಾಹೇಲ್ ಸೀಮೆಯ 13 ಲಕ್ಷ ಚದರ ಕಿಲೋಮೀಟರ್ ಪ್ರದೇಶದ ಸೂಕ್ಷ್ಮ ಉಪಗ್ರಹ ಚಿತ್ರಗಳಲ್ಲಿ ಒಂದೊಂದೇ ಮರವನ್ನು ಕಂಪ್ಯೂಟರಿನಿಂದ ಎಣಿಸಿದರು. ಮರುಭೂಮಿ ಎಂದು ಬಿಟ್ಟುಬಿಟ್ಟಿದ್ದ ಆ ನೆಲದಲ್ಲಿ 180 ಕೋಟಿಗೂ ಹೆಚ್ಚು ಮರಗಳು ಸಿಕ್ಕವು, ಹೆಕ್ಟೇರಿಗೆ ಸರಾಸರಿ ಹದಿಮೂರು. ಕಾಡಿನ ವ್ಯಾಖ್ಯೆಯೊಳಗೆ ಬಾರದ ಮರಗಳು ಯಾರ ಲೆಕ್ಕದಲ್ಲೂ ಇರಲಿಲ್ಲ, ಅಷ್ಟೇ. ಅದೇ ತಂಡ 2024ರಲ್ಲಿ ಭಾರತದ ಕೃಷಿಭೂಮಿಯತ್ತ ತಿರುಗಿ ಸುಮಾರು 60 ಕೋಟಿ ಹೊಲದ ಮರಗಳನ್ನು ಗುರುತಿಸಿತು. ಆ ಫಲಿತಾಂಶ ನೆಮ್ಮದಿ ಕೊಡುವಂಥದ್ದಲ್ಲ: 2010-11ರಲ್ಲಿ ಕಂಡಿದ್ದ ದೊಡ್ಡ ನೆತ್ತಿಯ ಮರಗಳಲ್ಲಿ ಸುಮಾರು ಶೇ. 11ರಷ್ಟು 2018ರ ವೇಳೆಗೆ ಇಲ್ಲವಾಗಿದ್ದವು, 2018ರಿಂದ 2022ರ ನಡುವೆ ಇನ್ನೂ 50 ಲಕ್ಷಕ್ಕೂ ಹೆಚ್ಚು ದೊಡ್ಡ ಮರಗಳು ಮರೆಯಾದವು. ದೇಶದ ಅರಣ್ಯ ಮತ್ತು ಮರ ಹೊದಿಕೆ ಏರುತ್ತಿದೆ ಎಂದು ಸರ್ಕಾರಿ ವರದಿಗಳು ಹೇಳುತ್ತಿದ್ದ ಅವಧಿಯೇ ಅದು. ಎರಡೂ ನಿಜವಾಗಿರಲು ಸಾಧ್ಯ. ಒಂದು ಕಡೆ ತೋಪು ಏಳುತ್ತಿರುವಾಗ ಇನ್ನೊಂದು ಕಡೆ ಹೊಲದ ನಡುವಿನ ಹಳೆಯ ಮರ ಬೀಳುತ್ತಿರಬಹುದು. ಬೇಸಾಯದ ಪದ್ಧತಿ ಬದಲಾದದ್ದು, ಹೊಲದ ಮರದ ನೆರಳು ಬೆಳೆಗೆ ಕೇಡು ಎಂಬ ಭಾವನೆ ಬಲಿತದ್ದು ಕಾರಣವೆಂದು ಅಧ್ಯಯನ ಹೇಳಿತು. ಇದು ನಮ್ಮ ಸೀಮೆಗೆ ಹೊರಗಿನ ಮಾತೇನಲ್ಲ. ಟ್ರಾಕ್ಟರ್ ತಿರುಗಿಸಲು ಬದು ಅಡ್ಡ, ದ್ರಾಕ್ಷಿಯ ಚಪ್ಪರಕ್ಕೆ ನೆರಳು ಅಡ್ಡ, ಕಬ್ಬಿಗೆ ಬೇರು ಅಡ್ಡ. ಕೂರಿಗೆ, ಕುಂಟೆ, ಚಕ್ಕಡಿಗೆ ಕರಿಜಾಲಿಯ ಕಟ್ಟಿಗೆ ಬೇಕಾಗಿದ್ದ ಕಾಲದಲ್ಲಿ ಬದುವಿನ ಜಾಲಿಗೊಂದು ಕೆಲಸವಿತ್ತು. ಎತ್ತುಗಳು ಕಡಿಮೆಯಾದ ಹಾಗೆ ಆ ಕೆಲಸವೂ ಕಡಿಮೆಯಾಯಿತು.

ಉಪಗ್ರಹವೇ ಇಷ್ಟು ಚೆನ್ನಾಗಿ ಎಣಿಸುವಾಗ ಟೇಪು ಹಿಡಿದು ಬದು ಸುತ್ತುವುದೇಕೆ ಎಂದು ಕೇಳಬಹುದು. ಎರಡಕ್ಕೂ ಜಗಳವಿಲ್ಲ, ಒಂದು ಇಲ್ಲದೆ ಇನ್ನೊಂದು ಕುಂಟುತ್ತದೆ ಎನ್ನುವುದು ನನ್ನ ಉತ್ತರ. ಅರಣ್ಯ ಸ್ಥಿತಿ ವರದಿ ಬಳಸುವ ಉಪಗ್ರಹ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 23.5 ಮೀಟರ್ ಚೌಕ. ನಮ್ಮ ಬೇವಿನ ನೆತ್ತಿ ಅದರ ಮೂಲೆಯಲ್ಲಿ ಮುಳುಗಿಹೋಗುತ್ತದೆ. ವರದಿಯಲ್ಲಿ ಕಾಡಿನ ಹೊರಗಿನ ಮರಗಳ ಅಂದಾಜು ಇದೆ, ನೆಲದ ಮಾದರಿ ಸಮೀಕ್ಷೆಯಿಂದಲೇ ಅದು ಬರುತ್ತದೆ, ಆದರೆ ಅದು ರಾಜ್ಯಮಟ್ಟದ್ದು. ಜಿಲ್ಲಾವಾರು ಪಟ್ಟಿ ಸಿಗುವುದು ಅರಣ್ಯ ಹೊದಿಕೆಗೆ ಮಾತ್ರ. ಚಿತ್ರ ತೆಗೆಯುವುದು ಅಕ್ಟೋಬರಿನಿಂದ ಡಿಸೆಂಬರ್ ನಡುವೆ. ಆಗ ನಮ್ಮಲ್ಲಿ ಹಿಂಗಾರಿ ಜೋಳ ಎದ್ದಿರುತ್ತದೆ, ತೊಗರಿ ತುಂಬಿರುತ್ತದೆ, ಹೊಳೆಸಾಲಿನಲ್ಲಿ ಕಬ್ಬು ನಿಂತಿರುತ್ತದೆ. ಕಬ್ಬಿನಂಥ ಬೆಳೆಗಳ ಹಸಿರು ಮರದ ಹಸಿರಿನೊಡನೆ ಬೆರೆತು ಗೊಂದಲವಾಗುವುದನ್ನು ಸರ್ವೇಕ್ಷಣ ಸಂಸ್ಥೆಯೇ ತನ್ನ ಮಿತಿಯೆಂದು ಒಪ್ಪಿಕೊಂಡಿದೆ. ಇನ್ನು ಸೂಕ್ಷ್ಮ ಚಿತ್ರಗಳು ನೆತ್ತಿಯನ್ನು ತೋರಿಸುತ್ತವೆ, ಜಾತಿಯನ್ನು ಹೇಳುವುದು ಅವಕ್ಕೆ ಕಷ್ಟ. ಬಳ್ಳಾರಿ ಜಾಲಿ ನುಗ್ಗಿದ ಗಾಯರಾಣ ಮೇಲಿನಿಂದ ಸೊಂಪಾಗಿ ಕಾಣುತ್ತದೆ. ಕೆಳಗೆ ಹುಲ್ಲಿಲ್ಲ, ದನ ಹೋಗಲು ದಾರಿಯಿಲ್ಲ. ತಲೆಯೆಣಿಕೆಯಲ್ಲೂ ಅದು ಮೋಸ ಮಾಡುವ ಗಿಡ, ಒಂದೇ ಬುಡದಿಂದ ಐದಾರು ಕಾಂಡ ಏಳುತ್ತವೆ. ಬುಡವನ್ನು ಒಂದೆಂದು ಎಣಿಸಿ, ಎಲ್ಲ ಕಾಂಡಗಳ ಕೊಯ್ತ ಕೂಡಿಸಬೇಕೆಂಬ ನಿಯಮವನ್ನು ಎಣಿಕೆದಾರರಿಗೆ ಮೊದಲೇ ಹೇಳಿಕೊಡದಿದ್ದರೆ ಬಳ್ಳಾರಿ ಜಾಲಿ ಹೊಕ್ಕ ಊರೇ ತಾಲೂಕಿನ ಅತ್ಯಂತ ಹಸಿರು ಊರೆಂದು ಬಹುಮಾನ ಪಡೆದೀತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಈ ನಾಡು ಕಾಡಿನ ನಾಡೇ ಅಲ್ಲ, ಇಲ್ಲಿ ಮರದಟ್ಟಣೆ ಕಡಿಮೆ ಇರುವುದೇ ಸಹಜ, ಅದನ್ನು ಅಳೆದು ಹೆಚ್ಚಿಸಹೊರಟರೆ ನಿಸರ್ಗಕ್ಕೆ ವಿರುದ್ಧ ಎನ್ನುತ್ತಾರೆ ಹುಲ್ಲುಗಾವಲಿನ ಪರವಾದವರು. ಇದರಲ್ಲಿ ಬಹುಪಾಲು ನಿಜವಿದೆ. ವರ್ಷಕ್ಕೆ ಆರುನೂರು ಮಿಲಿಮೀಟರ್ ಆಸುಪಾಸು ಮಳೆ, ಬೇಸಿಗೆಯಲ್ಲಿ ಮೊಳಕಾಲುದ್ದ ಬಿರಿದು ಬೇರು ಹರಿಯುವ ಎರಿಮಣ್ಣು, ಡೋಣಿ ಹೊಳೆಯ ಕಣಿವೆಯಂಥ ಜೋಳದ ಕಣಜ. ಇಲ್ಲಿ ಮಲೆನಾಡನ್ನು ಕಟ್ಟುವ ಕನಸು ಹುರುಳಿಲ್ಲದ್ದು. 1988ರ ರಾಷ್ಟ್ರೀಯ ಅರಣ್ಯ ನೀತಿ ಹೇಳಿದ ಮೂರನೇ ಒಂದು ಭಾಗದ ಗುರಿ ಇಡೀ ದೇಶಕ್ಕೆ ಸೇರಿಸಿ ಹೇಳಿದ್ದು, ಒಂದೊಂದು ಜಿಲ್ಲೆಗೂ ಹಂಚಿದ್ದಲ್ಲ. ಭೀಮೆಯಾಚೆ ಸೊಲ್ಲಾಪುರದ ನಾನ್ನಜದಲ್ಲಿ 1979ರಲ್ಲಿ ದೊರೆಹಕ್ಕಿಗಾಗಿ ಅಭಯಾರಣ್ಯ ಘೋಷಿಸಿದಾಗ ಕಾಪಾಡಹೊರಟದ್ದು ಹುಲ್ಲುಗಾವಲನ್ನು. ದೊರೆಹಕ್ಕಿ, ಕೃಷ್ಣಮೃಗ, ತೋಳಗಳಿಗೆ ತೆರೆದ ಬಯಲೇ ಮನೆ, ಅಲ್ಲಿ ಒತ್ತೊತ್ತಾಗಿ ಸಸಿ ಹಚ್ಚುವುದು ಮನೆ ಕೆಡವಿದಂತೆ. ಹೀಗಿರುವಾಗ ಹುಲ್ಲುಬಯಲನ್ನು ಸರ್ಕಾರಿ ಪಟ್ಟಿಗಳು ಪಾಳುಭೂಮಿಯ ಸಾಲಿಗೆ ಸೇರಿಸುತ್ತ ಬಂದದ್ದು ದೊಡ್ಡ ತಪ್ಪು. ಆದರೆ ಈ ಆಕ್ಷೇಪ ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಕೆಡವುವುದಿಲ್ಲ. ಅಳೆಯುವುದು ಬೇರೆ, ಹೆಚ್ಚಿಸುವುದು ಬೇರೆ. ಮಡ್ಡಿಯ ಹುಲ್ಲಿನಲ್ಲಿ ಹೆಕ್ಟೇರಿಗೆ ಒಂದೆರಡು ಬಿಳಿಜಾಲಿ ಇದ್ದರೆ ಅದು ಆರೋಗ್ಯದ ಲಕ್ಷಣ ಎಂದು ಬರೆದಿಡೋಣ. ಮುಂದಿನ ಸಲ ಅಲ್ಲಿ ಐವತ್ತು ಬಳ್ಳಾರಿ ಜಾಲಿ ಸಿಕ್ಕರೆ ಅದನ್ನು ಕೇಡೆಂದು ಗುರುತಿಸಲು ಆ ಹಳೆಯ ಅಂಕಿಯೇ ಬೇಕು. ಕಾಡಿನ ಶೇಕಡಾವಾರಿಗೆ ಒಂದೇ ದಿಕ್ಕು ಗೊತ್ತು, ಹೆಚ್ಚಾದರೆ ಒಳ್ಳೆಯದು. ಭೂಮಿಯ ಬಗೆಗೆ ತಕ್ಕಂತೆ ಓದಿದ ದಟ್ಟಣೆಗೆ ಎಲ್ಲಿ ಹೆಚ್ಚು ಒಳ್ಳೆಯದು, ಎಲ್ಲಿ ಕಡಿಮೆ ಒಳ್ಳೆಯದು ಎಂದು ಹೇಳಲು ಬರುತ್ತದೆ.

ರೈತನ ಆಕ್ಷೇಪವನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಸರ್ಕಾರ ಇಂದು ಎಣಿಸಿದ್ದನ್ನು ನಾಳೆ ಕಡಿಯಗೊಡುವುದಿಲ್ಲ ಎಂಬ ಭಯ ಬರೀ ಕಲ್ಪನೆಯಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಕೆಲವು ಜಾತಿಗಳನ್ನು ಬಿಟ್ಟು ಉಳಿದ ಮರ ಕಡಿಯಲು ಅನುಮತಿ ಕೇಳಬೇಕೆನ್ನುತ್ತದೆ, ಸ್ವಂತ ಹೊಲದಲ್ಲಿ ಸ್ವಂತ ಕೈಯಿಂದ ಬೆಳೆಸಿದ ಮರವಾದರೂ ಸರಿ. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಡೆತನ ಯಾರದ್ದೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡೆನಿಸಿದ್ದು ಕಾಡೇ ಎಂದ ಮೇಲೆ ದಟ್ಟ ಮರವಿರುವ ಖಾಸಗಿ ಜಮೀನಿನವರಿಗೆ ಆತಂಕ ಹುಟ್ಟಿದ್ದು ಸಹಜ. ನಮ್ಮ ಪಹಣಿಯಲ್ಲಿ ಮರಗಳ ಹೆಸರು, ಸಂಖ್ಯೆ ಬರೆಯಲೆಂದೇ ಕಲಂ ಇದೆ. ಅದು ತುಂಬಿದ ಪಹಣಿ ಕಾಣುವುದು ಅಪರೂಪ. ಆ ಕಲಂ ತುಂಬಿಸಿದರೆ ಸಾಕಲ್ಲ, ಹೊಸ ಸಮೀಕ್ಷೆ ಏಕೆ ಎಂದು ಕಂದಾಯದವರು ಕೇಳಿಯಾರು. ನನಗೆ ಅದು ಅಪಾಯದ ದಾರಿಯಾಗಿ ಕಾಣುತ್ತದೆ. ಒಡೆಯನ ಹೆಸರಿನ ಎದುರು ಮರದ ಸಂಖ್ಯೆ ದಾಖಲಾಗುವ ಸುಳಿವು ಸಿಕ್ಕ ದಿನವೇ ಬದುವಿನ ಎಳೆ ಬೇವುಗಳು ಸುತ್ತಳತೆ ಹಿಡಿಯುವ ಮೊದಲೇ ಕೊಡಲಿಗೆ ಬೀಳುತ್ತವೆ. ಆದ್ದರಿಂದ ಸಮೀಕ್ಷೆಯ ಫಲ ಪಂಚಾಯಿತಿವಾರು, ಭೂಮಿಯ ಬಗೆವಾರು ಸರಾಸರಿಯಾಗಿ ಮಾತ್ರ ಪ್ರಕಟವಾಗಬೇಕು. ಸರ್ವೆ ನಂಬರಿನ ವಿವರ ಅಳೆದವರ ಬಳಿ ಉಳಿಯಬೇಕು, ಅನುಮತಿ ಕೊಡುವ ಅಥವಾ ದಂಡ ಹಾಕುವ ಕಚೇರಿಯ ಕೈಗೆ ಹೋಗಬಾರದು. ಅಳೆಯುವವರು ಬೇರೆ, ಶಿಕ್ಷಿಸುವವರು ಬೇರೆ ಎಂಬ ಈ ಗೋಡೆ ಇಲ್ಲದೆ ಯಾವ ಎಣಿಕೆಯೂ ನಿಜ ಹೇಳುವುದಿಲ್ಲ.

ಎಣಿಸಿ ಎಣಿಸಿ ಜನರ ಉತ್ಸಾಹ ಕೊಲ್ಲಬೇಡಿ, ನೆಡುವವರು ನೆಡಲಿ ಬಿಡಿ ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ಅರಣ್ಯ ಇಲಾಖೆಯೇ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ನೆಟ್ಟ ಸಸಿಗಲ್ಲ, ಬದುಕಿದ ಸಸಿಗೆ ಹಣ ಕೊಡುತ್ತದೆ. ಮೊದಲ ಮೂರು ವರ್ಷ ಹೊಲಕ್ಕೆ ಬಂದು ಎಣಿಸಿಯೇ ಕೊಡುತ್ತದೆ. ಆ ಎಣಿಕೆಯಿಂದ ಯಾರ ಉತ್ಸಾಹವೂ ಸತ್ತಿಲ್ಲ. ಕೊರತೆಯೆಂದರೆ ಮೂರನೆಯ ವರ್ಷದ ಆಚೆ ಆ ಸಸಿಯನ್ನು ಯಾರೂ ಕೇಳುವುದಿಲ್ಲ, ಯೋಜನೆಗೆ ಮೊದಲಿದ್ದ ಅಜ್ಜನ ಕಾಲದ ಹುಣಸೆಯನ್ನಂತೂ ಯಾವ ಯೋಜನೆಯೂ ಕೇಳಿಲ್ಲ.

ಮಾಡುವವರು ಯಾರು ಎಂಬ ಪ್ರಶ್ನೆ ಉಳಿಯಿತು. ತಾಲೂಕಿಗೆ ನೂರು ಸರ್ವೆ ನಂಬರ್ ಸಾಕಾಗುವ ಕೆಲಸಕ್ಕೆ ಹೊಸ ನಿಗಮ ಬೇಡ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜೀವಜಾತಿಗಳ ದಾಖಲೆ ಇಡಬೇಕು. ಆ ದಾಖಲೆ ಊರಿನಲ್ಲಿ ಬನ್ನಿ ಇದೆ, ಬಸರಿ ಇದೆ ಎನ್ನುತ್ತದೆ, ಎಷ್ಟಿದೆ ಎನ್ನುವುದಿಲ್ಲ. ಆ ಒಂದು ಪುಟ ಸೇರಿಸಲು ಜಾಗವಿದೆ. ತರಬೇತಿಗೆ ಇಂಡಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ವಿಜಯಪುರದಲ್ಲಿ ಕೃಷಿ ಕಾಲೇಜಿದೆ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಕಾಲೇಜು ಶಿರಸಿಯಲ್ಲಿದೆ. ಮೊಬೈಲಿನಲ್ಲಿ ಸರ್ವೆ ನಂಬರ್ ತೆರೆದು ಹೊಲಕ್ಕೆ ಹೋಗಿ ದಾಖಲಿಸುವ ರೂಢಿಯನ್ನು ಬೆಳೆ ಸಮೀಕ್ಷೆ ಹಳ್ಳಿಯ ಯುವಕರಿಗೆ ಆಗಲೇ ಕಲಿಸಿದೆ. ಮನೆಮನೆ ಅಲೆದು ಹಾಡು ಕೂಡಿಸಿದ ಹಲಸಂಗಿ ಗೆಳೆಯರ ಊರು ಇರುವುದೂ ಚಡಚಣದ ಮಗ್ಗುಲಲ್ಲೇ, ತಿರುಗಾಡಿ ಸಂಗ್ರಹಿಸುವುದು ಈ ಸೀಮೆಗೆ ಹೊಸ ವಿದ್ಯೆಯಲ್ಲ. 31 ಸೆಂಟಿಮೀಟರಿಗಿಂತ ಹೆಚ್ಚು ಸುತ್ತಳತೆಯ ಮರಗಳನ್ನು ಒಂದೊಂದಾಗಿ ಅಳೆಯಬೇಕು. ಅದಕ್ಕಿಂತ ಸಣ್ಣವನ್ನು ಜಾತಿವಾರು ಎಣಿಸಿದರೆ ಸಾಕು, ಆದರೆ ಬಿಡಬಾರದು. ದಪ್ಪ ಬೇವುಗಳಷ್ಟೇ ಇದ್ದು ಎಳೆಯವು ಇಲ್ಲದ ಊರಿನ ಸರಾಸರಿ ಇಂದು ಚೆನ್ನಾಗಿ ಕಂಡರೂ ಮೂವತ್ತು ವರ್ಷದಲ್ಲಿ ಒಮ್ಮೆಲೇ ಕುಸಿಯುತ್ತದೆ, ಅದರ ಮುನ್ಸೂಚನೆ ಸಿಗುವುದು ಈ ಸಣ್ಣವುಗಳ ಕಲಮಿನಲ್ಲಿ ಮಾತ್ರ.

ಕಾಲದ ವಿಷಯಕ್ಕೆ ಬಂದರೆ, ಜೋಳದ ರಾಶಿ ಮುಗಿದು ಹೊಲ ಬರಿದಾಗುವ ಮಾರ್ಚಿನಿಂದ ಮಿರಗ ಹೂಡುವ ಜೂನಿನ ತನಕ ಬದು ನಡೆಯಲು ಬೆಳೆಯ ತೊಡಕಿಲ್ಲ, ಕಾಲೇಜಿನ ಹುಡುಗರಿಗೆ ರಜೆಯೂ ಕೂಡಿಬರುತ್ತದೆ. ಉಪಗ್ರಹದ ಸೂಕ್ಷ್ಮ ಚಿತ್ರಗಳಲ್ಲೂ ಒಣ ನೆಲದ ಮೇಲೆ ಬೇವು-ಹುಣಸೆಗಳು ಎದ್ದು ಕಾಣುವುದು ಆಗಲೇ, ಎರಡನ್ನೂ ತಾಳೆ ನೋಡಲು ಅನುಕೂಲ. ಬಿಸಿಲು ಜೋರು, ಬೆಳಗ್ಗೆ ಹತ್ತರೊಳಗೆ ಕೆಲಸ ಮುಗಿಸಬೇಕಾದೀತು. ಚಡಚಣದ ನೂರು ಸರ್ವೆ ನಂಬರುಗಳ ಮೊದಲ ಸುತ್ತು ಮುಂದಿನ ಸಸಿ ನೆಡುವ ಹಂಗಾಮಿಗೆ ಮುಂಚೆಯೇ ಮುಗಿದರೆ, ಆ ವರ್ಷ ಯಾವ ಊರಿನ ಯಾವ ಬಗೆಯ ಭೂಮಿಗೆ ಯಾವ ಸಸಿ ಕಳಿಸಬೇಕು, ಎಲ್ಲಿಗೆ ಏನನ್ನೂ ಕಳಿಸಬಾರದು ಎಂಬ ಪಟ್ಟಿಯನ್ನು ನರ್ಸರಿಯವರು ಅದೇ ಅಂಕಿಗಳಿಂದ ಬರೆಯಬಹುದು.